ಪ್ರೆಸ್‌ನೋಟ್ ಸಾಹೇಬರು

ಹುಣಸಗಿ ತಾಲ್ಲೂಕಾದ ಮೇಲೆ ಊರಿನಲ್ಲಿ ಸಾಹೇಬರಿಗೇನೂ ಬರವಿಲ್ಲ. ಆದರೆ ನನ್ನಂಥ ಬಿಡಿ ವರದಿಗಾರನ ಬೆನ್ನು ಹತ್ತುವವರು ಸರ್ಕಾರದವರಲ್ಲ, ಸೇವಾಸಂಸ್ಥೆಗಳ ಪ್ರಚಾರ ನೋಡಿಕೊಳ್ಳುವವರು. ಗುರುತಿನ ಚೀಟಿಯಲ್ಲಿ ‘ಸಂವಹನ ಅಧಿಕಾರಿ’, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ‘ಪ್ರೆಸ್‌ನೋಟ್ ಸಾಹೇಬರು’.

2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಿರೆಂದಿತು. 2018ರಲ್ಲಿ ಕೇಂದ್ರ ಸರ್ಕಾರ ಯಾದಗಿರಿಯನ್ನು ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಗೆ ಸೇರಿಸಿತು. ಇವೆರಡೂ ಕೂಡಿದ ಮೇಲೆ ಈ ತಳಿ ಹುಲುಸಾಯಿತೆಂದು ನನ್ನ ಗುಮಾನಿ. ದುಡ್ಡು ಕೊಟ್ಟವರಿಗೆ ಲೆಕ್ಕ ಸಾಲದು, ಕಥೆಯೂ ಬೇಕಲ್ಲ!

ನನ್ನ ಪಾಲಿಗೆ ಬಂದವರು ಸಣಕಲು ಆಸಾಮಿ. ಹೆಗಲಲ್ಲಿ ಕ್ಯಾಮೆರಾ, ಕಂಕುಳಲ್ಲಿ ಸುತ್ತಿದ ಬ್ಯಾನರ್. ಪ್ರೆಸ್‌ನೋಟಿನ ಮೊದಲ ಸಾಲು ಕಾಯಂ: ‘ಹಿಂದುಳಿದ ಯಾದಗಿರಿ ಜಿಲ್ಲೆಯ ತೀರಾ ಹಿಂದುಳಿದ ಹುಣಸಗಿ ಭಾಗದಲ್ಲಿ...’ ಮೈ ಉರಿದು ಒಮ್ಮೆ ಹೇಳಿದೆ: ‘ಇಲ್ಲೇ ಇಸಾಂಪುರದಾಗ 12 ಲಕ್ಷ ವರ್ಷದ ಹಿಂದ ಮಂದಿ ಕಲ್ಲಿನ ಹತಾರ ಮಾಡ್ತಿದ್ರು ಸರ್. ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಅಗದು ತೋರಿಸ್ಯಾರ. ಜಗತ್ತೇ ಹಿಂದಿದ್ದಾಗ ನಾವು ಮುಂದಿದ್ವಿ.’ ಸಾಹೇಬರು ಗಂಭೀರವಾಗಿ ಕೇಳಿದರು: ‘ಅವರ ಫೋಟೊ ಏನಾರ ಅದಾವೇನ್ರಿ?’

ಫೋಟೊ ಅವರ ಪ್ರಾಣ. ಒಂದು ತಾಂಡಾದಲ್ಲಿ ಹೊಲಿಗೆ ಯಂತ್ರ ಹಂಚಿದ ದಿನ ನಾನೂ ಜೊತೆಗಿದ್ದೆ. ಅವರಿಗೆ ‘ಮೊದಲು’, ‘ನಂತರ’ ಅಂತ ಎರಡು ಚಿತ್ರ ಬೇಕಿತ್ತು. ಬಿಸಿಲು ಚೆನ್ನಾಗಿದೆಯೆಂದು ‘ನಂತರ’ವನ್ನೇ ಮೊದಲು ತೆಗೆದರು. ಮುದುಕಿ ಯಂತ್ರದ ಮುಂದೆ ಕೂತು ಬಾಯ್ತುಂಬ ನಕ್ಕಳು. ಆಮೇಲೆ ಯಂತ್ರ ಸರಿಸಿ, ‘ಅಜ್ಜೀ, ಚಪ್ಪಲಿ ಬಿಡ್ರಿ, ಮಾರಿ ಸ್ವಲ್ಪ ಸಣ್ಣ ಮಾಡ್ರಿ’ ಎಂದರು. ‘ಚಪ್ಪಲಿ ಬಿಡಾಕ ಇದೇನು ಗುಡಿಯೇನೋ ತಮ್ಮಾ?’ ಎಂದಳು. ಸುತ್ತಲಿದ್ದವರು ಗೊಳ್ಳೆಂದರು. ನಗು ನಿಂತು ಮುಖ ಸಣ್ಣದಾಗುವ ಹೊತ್ತಿಗೆ ಹೊತ್ತು ಮುಳುಗಿತ್ತು. ಕೊನೆಗೆ ಚಿತ್ರದಲ್ಲಿ ಬಾಡಿದ ಮುಖವೆಂದರೆ ಸಾಹೇಬರದೇ. ಬ್ಯಾನರಿನ ಮೂಲೆ ಹಿಡಿದು ನಿಂತಿದ್ದರು. ಫೋಟೊ ತೆಗೆದವನು ನಾನು.

ಬೆಳಿಗ್ಗೆ ಪೇಪರು ಊರಿಗೆ ಬರುವ ಮೊದಲೇ ಫೋನು ಬರುತ್ತದೆ: ‘ಬಂದದೇನ್ರಿ?’ ಬಂದಿದ್ದರೆ, ‘ಎಷ್ಟು ಕಾಲಂ?’ ಮೂರು ಕಾಲಂ ಎಂದರೆ ‘ಬಣ್ಣದ್ದಾ?’ ಸುದ್ದಿಯನ್ನು ಅವರು ಸ್ಕೇಲಿಟ್ಟು ಅಳೆಯುತ್ತಾರೆ, ಆ ಅಳತೆ ಬೆಂಗಳೂರಿನ ಕಚೇರಿಗೆ ಹೋಗುತ್ತದೆ. ನಾನೇನು ಕಡಿಮೆಯೇ? ಅವರ ಒಕ್ಕಣೆಗೆ ‘ಎಂದು ತಿಳಿಸಿದರು’ ಅಂಟಿಸಿ, ಕಾಲಂ ಲೆಕ್ಕದಲ್ಲಿ ಗೌರವಧನ ಎಣಿಸುವವನು. ಒಂದೇ ಸ್ಕೇಲಿನ ಎರಡು ತುದಿ ನಾವು.

ಅವರ ಕೆಲಸವೂ ವರ್ಷದ ಕರಾರಿನದು. ಯೋಜನೆ ಮುಗಿದರೆ ಸಂಬಳವೂ ಮುಗಿಯಿತು. ‘ಊರಾಗ ಅವ್ವ ಕೇಳ್ತಾಳ, ಅನ್ನ ಕೊಡಾವ ನೀನೋ, ಫೋಟೊ ತೆಗಿಯಾವ ನೀನೋ ಅಂತ. ಏನ್ ಹೇಳ್ಲಿ?’ ಎಂದು ಒಂದು ಸಂಜೆ ಚಹಾ ಆರಿಸಿಕೊಂಡು ಕುಳಿತಿದ್ದರು. ಆ ಸಲವೇ ಮೊಬೈಲು ತೆಗೆದು ಒಂದು ಬರಹ ತೋರಿಸಿದ್ದು. ನಾರಾಯಣಪುರ ಎಡದಂಡೆ ಕಾಲುವೆ ನೀರು ಹತ್ತದ ಊರುಗಳಿಂದ ಗುಳೆ ಹೊರಟವರ ಕುರಿತು: ಬೆಂಗಳೂರು ಬಸ್ಸಿನ ನೆತ್ತಿಯ ಮೇಲೆ ಹಿಟ್ಟಿನ ಚೀಲ, ಪಾತ್ರೆಗಂಟು, ಕಿಟಕಿಯಲ್ಲಿ ಶಾಲೆಯ ಅಂಗಿ ತೊಟ್ಟೇ ಕೂತ ಹುಡುಗಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ಶೇ 50.59 ಪಡೆದು ರಾಜ್ಯಕ್ಕೇ ಕೊನೆಗೆ ನಿಂತದ್ದನ್ನೂ ಬರೆದಿದ್ದರು. ‘ಹಿಂದುಳಿದ’ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು.

ಮೇಲಿನವರು ಒಪ್ಪಿರಲಿಲ್ಲ. ‘ಇದರಲ್ಲಿ ನಮ್ಮ ಫಲಾನುಭವಿ ಯಾರು?’ ಎಂದು ಕೇಳಿ ವಾಪಸು ಕಳಿಸಿದ್ದರಂತೆ.

‘ನೀವೇ ಹಾಕ್ಕೊಳ್ರಿ. ನನ್ನ ಹೆಸರೂ ಬ್ಯಾಡ, ಸಂಸ್ಥಾ ಹೆಸರಂತೂ ಬ್ಯಾಡೇ ಬ್ಯಾಡ’ ಎಂದರು. ಹಾಕಿದೆ. ಐದು ಕಾಲಂ, ಬಣ್ಣದ ಚಿತ್ರದೊಡನೆ ಬಂತು. ಏಳಕ್ಕೆಲ್ಲ ಫೋನು.

‘ಭಾರಿ ಬಂದದ್ರಿ. ಆದ್ರ...’ ದನಿ ತಗ್ಗಿತು. ‘ಹೆಸರು ಬ್ಯಾಡ ಅಂದಿದ್ದು ಖರೆ. ಆದ್ರೂ ಮೂಲ್ಯಾಗ ಎಲ್ಲಿಯಾರ ನಮ್ಮ ಬ್ಯಾನರ್ ಕಾಣಂಗ ಮಾಡಬಹುದಿತ್ತಲ್ರಿ?’