ಟೊಂಗಿ ಯಾರದು?

ನಮ್ಮ ಹನುಮಸಾಗರದಾಗ ಬೇವಿನ ಗಿಡ ಅಂದ್ರ ನೆರಳು, ಕಟ್ಟಿ, ಹರಟಿ. ಅದರ ಒಂದು ಟೊಂಗಿ ಒಣಗಿ ಕರೆಂಟಿನ ತಂತಿ ಮ್ಯಾಲೆ ಒರಗಿದಾಗಷ್ಟ ಗಿಡಕ್ಕ ಎಷ್ಟು ಮಂದಿ ಮಾಲೀಕರು ಅನ್ನೂದು ತಿಳೀತದ. ಬೇರು ಪಂಚಾಯ್ತಿದು, ತಂತಿ ಕರೆಂಟಿನವರದು. ಕಡೀಬೇಕಂದ್ರ 1976ರ ಮರ ಸಂರಕ್ಷಣಾ ಕಾಯ್ದೆ ಐತಿ, ಅರಣ್ಯದವರನ್ನ ಕೇಳಬೇಕು. ಬುಡದಾಗಿನ ತಗ್ಗು? ಅದು ರಸ್ತೆಯವರದು.

ನಮ್ಮ ಓಣಿಯ ಕಾಕಾ ಒಬ್ಬರು ದೂರು ಕೊಡೂದ್ರಾಗ ಪಳಗಿದವರು. ತಂತಿದಾದ್ರ 1912ಕ್ಕ, ಉಳಿದದ್ದಕ್ಕ 1902ಕ್ಕ ಫೋನು. ದೂರಿನ ಫೋಟೊದಾಗ ತಗ್ಗಿನ ಆಳ ಕಾಣ್ಲಿ ಅಂತ ತಮ್ಮದ ಒಂದು ಚಪ್ಪಲಿ ಅದರಾಗ ಇಡ್ತಾರ. ಮೊನ್ನೆ ಮಳಿ ನೀರಿಗೆ ಆ ಚಪ್ಪಲಿ ತೇಲಿಕೊಂತ ಹೋಗಿ ಗಟಾರ ಸೇರಿತು.

"ಕಾಕಾ, ಇದನ್ನೂ ದೂರಿನಾಗ ಬರೀರಿ" ಅಂದೆ.

"ಬರದೀನಪಾ. ಎಡಗಾಲಿಂದು ಅಂತನೂ ಬರದೀನಿ."

ಕಾಕಾ ಗ್ರಾಮಸಭಾದಾಗ ಎದ್ದು ನಿಂತು ಟೊಂಗಿ ಕಡೀರಿ ಅಂದಕೂಡ್ಲೆ, ಕಟ್ಟಿಮ್ಯಾಲಿನ ಇಸ್ಪೀಟಿನ ಬಳಗ "ನಮ್ಮ ನೆರಳು ಹೋಗ್ತದ" ಅಂತ ಗದ್ದಲ ಎಬ್ಬಿಸಿತು. ಕಡೀಕ ಗಾಳಿ ಬಂದು, ಯಾರ ಅಪ್ಪಣಿನೂ ಕೇಳದ ಅದನ್ನ ಕೆಡವಿತು. ಪುಣ್ಯಾಕ್ಕ ಕೆಳಗ ಯಾರೂ ಇರಲಿಲ್ಲ. ಬಿದ್ದದ್ದನ್ನ ಎತ್ತೂದು ಯಾರ ಕೆಲಸ ಅಂತ ಗಂಡಸರು ವಾದ ಮಾಡೂದ್ರಾಗ, ಓಣಿಯ ಹೆಣ್ಮಕ್ಕಳು ಕೊಡ್ಲಿ ತಂದು ಕಡದು, ನೀರೊಲಿಗೆ ಹಂಚಿಕೊಂಡು ಹೋಗಿದ್ರು.