ಲಘುಗಾತ್ರದ ಮಡಿಲಗಣಕಗಳಲ್ಲಿ ಕಾರ್ಯಾಚರಣ ವ್ಯವಸ್ಥೆಯ ಪುನಃಪ್ರತಿಷ್ಠಾಪನಾ ವೈಫಲ್ಯ: ಒಂದು ಬಹುಶಿಸ್ತೀಯ ಅಧ್ಯಯನ

ಕಾರ್ಯಾಚರಣ ವ್ಯವಸ್ಥೆಯ ಪುನಃಪ್ರತಿಷ್ಠಾಪನಾ ವೈಫಲ್ಯ (ಇನ್ನು ಮುಂದೆ ‘ಕಾವ್ಯಪುವೈ’) ಎಂದರೆ, ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ವಿಂಡೋಸ್ ಅಳಿಸಿಹೋಗಿ, ಹೊಸದು ಬಂದು ಕೂರದೆ, ಯಂತ್ರವು ಇದ್ದೂ ಇಲ್ಲದ ಅವಸ್ಥೆಯನ್ನು ಹೊಂದುವುದು. ಲೌಕಿಕರು ಇದನ್ನು ‘ಫಾರ್ಮ್ಯಾಟ್ ಹೊಡೆಯೋಕೆ ಹೋಗಿ ಇದ್ದದ್ದೂ ಹೋಯ್ತು’ ಎನ್ನುತ್ತಾರೆ. ಈ ಮಾತಿನಲ್ಲಿ ವಿಷಯವೆಲ್ಲ ಅಡಗಿದೆ, ನಿಜ. ಆದರೆ ಪರಿಪ್ರೇಕ್ಷ್ಯವಿಲ್ಲ, ಆಯಾಮಗಳಿಲ್ಲ, ಸಂಕಥನವಂತೂ ಮೊದಲೇ ಇಲ್ಲ. ಆದ್ದರಿಂದ ವಿದ್ವತ್ ವಲಯದಲ್ಲಿ ಅದು ಸ್ವೀಕಾರಾರ್ಹವಲ್ಲ.

ಅಧ್ಯಯನದ ವ್ಯಾಪ್ತಿ ಲಘುಗಾತ್ರದ ಯಂತ್ರಗಳಿಗೆ ಸೀಮಿತ. ಈ ಕುಲದ ಮೂಲಪುರುಷ 2007ರಲ್ಲಿ ಬಂದ ಏಸುಸ್ ‘ಈ ಪಿಸಿ 701’: ಏಳು ಅಂಗುಲದ ಪರದೆ, 4 ಜಿಬಿ ಜಾಗ, 512 ಎಂಬಿ ರ‍್ಯಾಮ್, ಒಳಗೆ ಲಿನಕ್ಸ್. ತನ್ನ ಕೈಲಾಗುವುದು ಇಷ್ಟೇ ಎಂದು ಮೊದಲೇ ಒಪ್ಪಿಕೊಂಡು ಬಂದ ಪ್ರಾಮಾಣಿಕ ಜೀವಿ ಅದು. ಕುಲಕ್ಕೆ ಗ್ರಹಚಾರ ಹಿಡಿದದ್ದು ಆಮೇಲೆ. 2014ರಲ್ಲಿ ಮೈಕ್ರೋಸಾಫ್ಟ್ ಅಗ್ಗದ ಯಂತ್ರಗಳಿಗೆಂದೇ ‘ವಿಂಡೋಸ್ 8.1 ವಿತ್ ಬಿಂಗ್’ ಎಂಬ ಆವೃತ್ತಿಯನ್ನು ತಂದಿತು. ಅಲ್ಲಿಂದ ಮುಂದೆ ಇಂಟೆಲ್ ಆಟಮ್ ಪ್ರೊಸೆಸರ್, 2 ಜಿಬಿ ರ‍್ಯಾಮ್, ಬೋರ್ಡಿಗೇ ಬೆಸುಗೆ ಹಾಕಿದ 32 ಜಿಬಿ ಇಎಂಎಂಸಿ ಚಿಪ್ಪು ಇಟ್ಟುಕೊಂಡ ಯಂತ್ರಗಳು ಸಾಲುಗಟ್ಟಿ ಬಂದವು. 2016ರಲ್ಲಿ 11.6 ಅಂಗುಲದ ಐಬಾಲ್ ಕಾಂಪ್‌ಬುಕ್ 9,999 ರೂಪಾಯಿಗೆ ಮಾರುಕಟ್ಟೆಗೆ ಬಂತು. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಎಂದರೆ ಅಂಗಡಿಯ ಗಾಜಿನಾಚೆ ನೋಡುವ ವಸ್ತುವಾಗಿದ್ದ ಮನೆಗಳಿಗೂ ಈ ಬೆಲೆ ಎಟುಕುವಂಥದ್ದಾಗಿತ್ತು. ಈ ಅಂಶವನ್ನು ಸದ್ಯ ದಾಖಲಿಸಿಟ್ಟರೆ ಸಾಕು.

ವರ್ಗೀಕರಣ. ಕಾವ್ಯಪುವೈಯು ತಾಪತ್ರಯ ನ್ಯಾಯದಂತೆ ಮೂರು ವಿಧ: ಪೆನ್‌ಡ್ರೈವ್, ಚಿಪ್ಪು ಮುಂತಾದ ಜಡವಸ್ತುಗಳಿಂದ ಹುಟ್ಟುವ ಆಧಿಭೌತಿಕ, ಫರ್ಮ್‌ವೇರ್ ಮುಂತಾದ ಅಗೋಚರ ಶಕ್ತಿಗಳಿಂದ ಒದಗುವ ಆಧಿದೈವಿಕ, ಬಳಕೆದಾರನೇ ತಂದುಕೊಳ್ಳುವ ಆಧ್ಯಾತ್ಮಿಕ. ಇವುಗಳಲ್ಲಿ ಪ್ರತಿಯೊಂದೂ ಪೂರ್ವ, ಮಧ್ಯ, ಅಂತ್ಯ ಎಂಬ ಕಾಲಭೇದದಿಂದ ಮೂರಾಗಿ ಒಟ್ಟು ಒಂಬತ್ತು. ಒಂಬತ್ತೂ ಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂಬ ಚತುರ್ವಿಧ ಪರಿಣಾಮಭೇದದಿಂದ ಮೂವತ್ತಾರಾಗುತ್ತವೆ. ಮೂವತ್ತಾರನ್ನೂ ಅನುಕ್ರಮವಾಗಿ ನಿರೂಪಿಸಲಾಗುವುದು.

ನಿದಾನ. ಮರುಸ್ಥಾಪನೆಯ ಆಲೋಚನೆ ಹುಟ್ಟುವುದೇ ಜಾಗದ ಅಭಾವದಿಂದ. ಡಬ್ಬಿಯ ಮೇಲೆ 32 ಜಿಬಿ ಎಂದಿರುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ ಯಂತ್ರದೊಳಗೆ ಅದು 29 ಜಿಬಿ ಚಿಲ್ಲರೆ. ಇದರಲ್ಲಿ ವಿಂಡೋಸ್ ಒಂದು ಪಾಲು, ಕಾರ್ಖಾನೆ ಬಚ್ಚಿಟ್ಟ ರಿಕವರಿ ಭಾಗ ಇನ್ನೊಂದು ಪಾಲು. ಮಿಕ್ಕದ್ದು ಮಾಲೀಕನದು. ವರ್ಷಕ್ಕೆರಡು ಬಾರಿ ಬರುತ್ತಿದ್ದ ದೊಡ್ಡ ಅಪ್‌ಡೇಟ್ ತಾನು ಇಳಿಯಲು ಜಾಗ ಕೇಳುತ್ತಿತ್ತು, ಇಲ್ಲದಿದ್ದರೆ ಅರ್ಧಕ್ಕೆ ನಿಂತು ಕೆಂಪು ಗೆರೆ ತೋರಿಸುತ್ತಿತ್ತು. 2019ರ ಮೇ ತಿಂಗಳ ಆವೃತ್ತಿಯಿಂದ ವಿಂಡೋಸ್ 10ಕ್ಕೆ ಬೇಕಾದ ಕನಿಷ್ಠ ಜಾಗವನ್ನು 32 ಜಿಬಿಗೆ ಏರಿಸಲಾಯಿತು. ಅಂದರೆ ಯಂತ್ರ ಪೂರ್ತಿ ಖಾಲಿಯಿದ್ದರೂ ಅದರೊಳಗೆ ಕೂರಬೇಕಾದದ್ದಕ್ಕೆ ಸಾಲುವುದು ಡಬ್ಬಿಯ ಮೇಲಿನ ಲೆಕ್ಕದಲ್ಲಿ ಮಾತ್ರ. ಈ ಹಂತದಲ್ಲಿ ಯಾರೋ ಒಬ್ಬರು ‘ಒಂದು ಸಲ ಎಲ್ಲ ತೆಗೆದು ಹೊಸದಾಗಿ ಹಾಕಿಬಿಡಿ, ಹಗುರ ಆಗುತ್ತೆ’ ಎನ್ನುತ್ತಾರೆ. ಈ ‘ಯಾರೋ ಒಬ್ಬರು’ ಎಲ್ಲ ಊರಿನಲ್ಲೂ ಇದ್ದಾರೆ.

ಆಧಿಭೌತಿಕ ಅಧಿಕರಣ. ಪೆನ್‌ಡ್ರೈವ್ ಇಲ್ಲಿ ಮುಖ್ಯ ಉಪಾದಾನ. ಯುಇಎಫ್‌ಐ ಎಂಬ ಫರ್ಮ್‌ವೇರ್ ಫ್ಯಾಟ್32 ಕ್ರಮದಲ್ಲಿ ಸಜ್ಜಾದ ಪೆನ್‌ಡ್ರೈವನ್ನು ಓದುತ್ತದೆ. ಬೇರೆ ಕ್ರಮಗಳನ್ನು ಓದಲೇಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. ಫ್ಯಾಟ್32 ಬಳಕೆಗೆ ಬಂದದ್ದು 1996ರಲ್ಲಿ. ಅದರಲ್ಲಿ ಒಂದು ಕಡತ 4 ಜಿಬಿಯನ್ನು ಮುಟ್ಟುವಂತಿಲ್ಲ. ವಿಂಡೋಸಿನ ಈಗಿನ ಐಎಸ್‌ಒ ಎಂಬ ಸ್ಥಾಪನಾ ಪ್ರತಿಯಲ್ಲಿರುವ ‘ಇನ್‌ಸ್ಟಾಲ್.ವಿಮ್’ ಎಂಬ ಒಂದೇ ಕಡತ ಆ ಮಿತಿಯನ್ನು ಮೀರುತ್ತದೆ. ಪೂರ್ವಪಕ್ಷ: ಹಾಗಿದ್ದರೆ ಎನ್‌ಟಿಎಫ್‌ಎಸ್ ಕ್ರಮದಲ್ಲಿ ಸಜ್ಜುಗೊಳಿಸೋಣ. ಸಿದ್ಧಾಂತ: ಕಡತ ಹಿಡಿಸುತ್ತದೆ, ಫರ್ಮ್‌ವೇರ್ ಓದುವ ಖಾತ್ರಿಯಿಲ್ಲ. ಪರಿಹಾರ ಎರಡಿವೆ. ಡಿಸ್ಮ್ ಎಂಬ ಆದೇಶದಿಂದ ಆ ಕಡತವನ್ನು ತುಂಡು ಮಾಡುವುದು ಒಂದು. ರೂಫಸ್ ತಂತ್ರಾಂಶದಿಂದ ಪೆನ್‌ಡ್ರೈವ್ ಮಾಡಿಕೊಂಡು, ಅದು ಸೇರಿಸುವ ಪುಟ್ಟ ಸಹಾಯಕ ಭಾಗದ ಮೂಲಕ ಎನ್‌ಟಿಎಫ್‌ಎಸ್ ಅನ್ನೇ ಓದಿಸುವುದು ಇನ್ನೊಂದು. ಎರಡನೆಯದು ಸುಲಭ. ಮೊದಲನೆಯದು ಪಂಡಿತರಿಗೆ ಪ್ರಿಯ.

ಪೆನ್‌ಡ್ರೈವೇ ಸುಳ್ಳು ಹೇಳುವುದುಂಟು. 64 ಜಿಬಿ ಎಂದು ತೋರಿಸಿ ಒಳಗೆ 8 ಜಿಬಿ ಮಾತ್ರ ಇರುವ ನಕಲಿಗಳಿವೆ. ಬರೆಯುವಾಗ ಎಲ್ಲವನ್ನೂ ಸ್ವೀಕರಿಸಿದಂತೆ ನಟಿಸಿ, ಓದುವಾಗ ಕೈಯೆತ್ತುತ್ತವೆ. ಆಗ ಪರದೆಯಲ್ಲಿ ‘8007025ಡಿ’ ಎಂಬ ಸಂಖ್ಯೆ ಕಾಣಿಸಬಹುದು. ಇದರ ಅರ್ಥ ಪೆನ್‌ಡ್ರೈವ್ ಕೆಟ್ಟಿದೆ, ಅಥವಾ ರ‍್ಯಾಮ್ ಕೆಟ್ಟಿದೆ, ಅಥವಾ ಚಿಪ್ಪು ಕೆಟ್ಟಿದೆ, ಅಥವಾ ಇಳಿಸಿಕೊಂಡ ಐಎಸ್‌ಒ ಅರೆಬರೆಯಾಗಿದೆ. ಐಎಸ್‌ಒದ ಎಸ್‌ಎಚ್‌ಎ-256 ಮೊತ್ತವನ್ನು ತಾಳೆ ನೋಡಿದರೆ ಕೊನೆಯ ಅನುಮಾನ ಬಗೆಹರಿಯುತ್ತದೆ. ಉಳಿದ ಮೂರು ಹಾಗೇ ಇರುತ್ತವೆ.

ಆಧಿದೈವಿಕ ಅಧಿಕರಣ. ಪೆನ್‌ಡ್ರೈವಿನಿಂದ ಬೂಟ್ ಮಾಡಿಸಲು ಯಂತ್ರ ಎಚ್ಚರಗೊಳ್ಳುವ ಸಂಧಿಕ್ಷಣದಲ್ಲಿ ನಿರ್ದಿಷ್ಟ ಕೀಲಿಯನ್ನು ಒತ್ತಬೇಕು. ಒಂದು ಕಂಪನಿಗೆ ಎಫ್12, ಇನ್ನೊಂದಕ್ಕೆ ಎಫ್9, ಮತ್ತೊಂದಕ್ಕೆ ಎಸ್ಕೇಪ್. ಯಾವುದು ಎಂದು ಬರೆದಿರುವ ಕೈಪಿಡಿ ಹಲವು ಮನೆಗಳಲ್ಲಿ ಆ ಲ್ಯಾಪ್‌ಟಾಪಿನೊಳಗೇ ಇತ್ತು. ಈ ಕ್ಷಣವನ್ನು ಗೆದ್ದ ಮೇಲೂ ಪಟ್ಟಿಯಲ್ಲಿ ಪೆನ್‌ಡ್ರೈವ್ ಕಾಣದಿರಬಹುದು. ಇದಕ್ಕೆ ಈ ಕುಲದಲ್ಲಿ ಹೆಚ್ಚಾಗಿ ಕಾಣುವ ಒಂದು ಕಾರಣವಿದೆ. 2014ರ ಏಸುಸ್ ಎಕ್ಸ್205ಟಿಎ ಮತ್ತು ಅದರ ವಾರಿಗೆಯ ಹಲವು ಆಟಮ್ ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್‌ನದು, ಫರ್ಮ್‌ವೇರ್ 32 ಬಿಟ್‌ನದು. 64 ಬಿಟ್ ವಿಂಡೋಸಿನ ಪೆನ್‌ಡ್ರೈವ್ ಹಾಕಿದರೆ ಫರ್ಮ್‌ವೇರ್ ತನಗೆ ಬೇಕಾದ ‘ಬೂಟ್‌ಐಎ32’ ಕಡತವನ್ನು ಹುಡುಕುತ್ತದೆ, ಸಿಗದಿದ್ದರೆ ಅಂಥ ಪೆನ್‌ಡ್ರೈವೇ ಇಲ್ಲವೆಂಬಂತೆ ಸುಮ್ಮನಾಗುತ್ತದೆ. ಒಂದು ಮಾತೂ ಆಡುವುದಿಲ್ಲ. ಬಳಕೆದಾರ ಪೆನ್‌ಡ್ರೈವ್ ಬದಲಿಸುತ್ತಾನೆ, ಪೋರ್ಟ್ ಬದಲಿಸುತ್ತಾನೆ, ಊದಿ ಊದಿ ಹಾಕುತ್ತಾನೆ. ಬೇಕಾದದ್ದು 32 ಬಿಟ್‌ನ ವಿಂಡೋಸ್ 10 ಅಷ್ಟೆ.

ಮುಂದೆ ಡಿಸ್ಕಿನ ಎಂಬಿಆರ್, ಜಿಪಿಟಿ ಎಂಬ ಎರಡು ವಿಭಾಗಕ್ರಮಗಳ ದ್ವೈತ. ಪೆನ್‌ಡ್ರೈವ್ ಒಂದು ಕ್ರಮದಲ್ಲಿ ಬೂಟ್ ಆಗಿ, ಡಿಸ್ಕ್ ಇನ್ನೊಂದು ಕ್ರಮದಲ್ಲಿದ್ದರೆ ‘ಈ ಡಿಸ್ಕಿನಲ್ಲಿ ಸ್ಥಾಪಿಸಲಾಗದು’ ಎಂಬ ತೀರ್ಪು ಬರುತ್ತದೆ. ಕಾರಣವನ್ನೂ ಹೇಳುವ ಅಪರೂಪದ ಸಂದೇಶ ಇದು. ಡಿಸ್ಕ್ ಜಿಪಿಟಿ ಕ್ರಮದಲ್ಲಿದ್ದರೆ, ಪೆನ್‌ಡ್ರೈವನ್ನು ಯುಇಎಫ್‌ಐ ಕ್ರಮದಲ್ಲಿ ಮತ್ತೆ ಬೂಟ್ ಮಾಡಿದರೆ ಸಾಮಾನ್ಯವಾಗಿ ಬಗೆಹರಿಯುತ್ತದೆ.

ಸಂದೇಶಮೀಮಾಂಸೆ. 2015ರಲ್ಲಿ ವಿಂಡೋಸ್ 10 ಬಿಡುಗಡೆಯಾದಾಗ ಪೆನ್‌ಡ್ರೈವ್ ತಯಾರಿಸುವ ಅಧಿಕೃತ ತಂತ್ರಾಂಶ ಒಂದು ಚೌಕ ತೋರಿಸುತ್ತಿತ್ತು. ತಲೆಬರಹ: ‘ಏನೋ ಆಯಿತು’. ಅದರ ಕೆಳಗೆ ವಿವರಣೆ: ‘ಏನೋ ಆಯಿತು’. ಮೂಲವೂ ಭಾಷ್ಯವೂ ಅಕ್ಷರಶಃ ಒಂದೇ ಆಗಿರುವ ಇಂಥ ಪಠ್ಯ ಜಗತ್ತಿನ ವಾಙ್ಮಯದಲ್ಲಿ ವಿರಳ. ಎರಡನೆಯ ಉದಾಹರಣೆ ಇನ್ನೂ ಗಹನವಾದದ್ದು. ಭಾರತದಲ್ಲಿ ಮಾರಾಟವಾದ ಅನೇಕ ಲ್ಯಾಪ್‌ಟಾಪುಗಳಲ್ಲಿ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿಯ ಕೀ ಫರ್ಮ್‌ವೇರಿನಲ್ಲೇ ಹುದುಗಿರುತ್ತದೆ. ಬೇರೆ ಆವೃತ್ತಿಯ ಐಎಸ್‌ಒ ಹಾಕಿದರೆ, ‘ನೀವು ನಮೂದಿಸಿದ ಕೀ ಹೊಂದಿಕೆಯಾಗುತ್ತಿಲ್ಲ, ಬೇರೆ ನಮೂದಿಸಿ’ ಎಂಬ ಸೂಚನೆ ಬರಬಹುದು. ನಮೂದಿಸಿದವರು ಯಾರೂ ಇಲ್ಲ. ನಮೂದಿಸಲು ಚೌಕವೂ ಇಲ್ಲ.

ಮೂರನೆಯದು: ‘ಹೊಸ ಪಾರ್ಟಿಷನ್ ಮಾಡಲಾಗಲಿಲ್ಲ, ಇದ್ದದ್ದೂ ಸಿಗಲಿಲ್ಲ. ಹೆಚ್ಚಿನ ವಿವರಕ್ಕೆ ಲಾಗ್ ಕಡತಗಳನ್ನು ನೋಡಿ.’ ಪರದೆಯ ಮೇಲೆ ಲಾಗ್ ನೋಡುವ ಗುಂಡಿ ಇಲ್ಲ, ಅದು ಎಲ್ಲಿದೆಯೆಂಬ ವಿಳಾಸವಿಲ್ಲ. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಸಣ್ಣ ಕೀಬೋರ್ಡುಗಳಲ್ಲಿ ಎಫ್‌ಎನ್ ಕೂಡ ಸೇರಿಸಿ ಒತ್ತಬೇಕಾಗಬಹುದು. ಅಲ್ಲಿ ನೋಟ್‌ಪ್ಯಾಡ್ ಎಂದು ಟೈಪಿಸಿ, ಎಕ್ಸ್ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ‘ಪ್ಯಾಂಥರ್’ ಫೋಲ್ಡರನ್ನು ತೆರೆದರೆ ‘ಸೆಟಪ್‌ಆಕ್ಟ್’, ‘ಸೆಟಪ್‌ಎರ್’ ಎಂಬ ಕಡತಗಳು ಸಿಗುತ್ತವೆ. ಯಾವ ಕ್ಷಣದಲ್ಲಿ ಯಾವ ಹೆಜ್ಜೆ ಎಡವಿತು ಎಂಬುದು ಗಂಟೆ, ನಿಮಿಷ, ಸೆಕೆಂಡಿನ ಸಮೇತ ಅವುಗಳಲ್ಲಿದೆ.

ಅಂದರೆ ಯಂತ್ರಕ್ಕೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಕಾರಣವನ್ನು ಕಡತದಲ್ಲಿ ನೀಟಾಗಿ ಬರೆದಿಟ್ಟು, ಎದುರು ನಿಂತವನಿಗೆ ‘ಏನೋ ಆಗಿದೆ, ನಾಳೆ ಬನ್ನಿ’ ಎನ್ನುವ ಗುಮಾಸ್ತನ ಚಾಳಿ ಇದು. ಸಾಲದ್ದಕ್ಕೆ ಆ ಎಕ್ಸ್ ಡ್ರೈವ್ ಇರುವುದು ರ‍್ಯಾಮಿನಲ್ಲಿ. ಬೇಸತ್ತು ಪವರ್ ಗುಂಡಿ ಒತ್ತಿದೊಡನೆ ಕಾರಣವೂ ಅಳಿಸಿಹೋಗುತ್ತದೆ. ಕಂಪ್ಯೂಟರ್ ಕಲಿಸುವ ಪುಸ್ತಕಗಳಲ್ಲಿ ಮೌಸ್ ಹಿಡಿಯುವ ವಿಧಾನಕ್ಕೆ ಪುಟಗಟ್ಟಲೆ ಜಾಗವಿದೆ, ಇದಕ್ಕೆ ಒಂದು ಸಾಲಿಲ್ಲ. ಪರದೆಯ ಮೇಲೆ ಅಳುಮುಖದ ಚಿಹ್ನೆ ಬಿಡಿಸಲು 2012ರಲ್ಲೇ ಜಾಗ ಸಿಕ್ಕಿತು. ‘ನಿಮ್ಮ ಪೆನ್‌ಡ್ರೈವಿನ ಈ ಕಡತ ಓದಲಾಗುತ್ತಿಲ್ಲ’ ಎಂಬ ಒಂದು ಸಾದಾ ವಾಕ್ಯಕ್ಕೆ ಸಿಕ್ಕಿಲ್ಲ. ಸರಳ ಮಾತಿನಲ್ಲಿ ಹೇಳಿದರೆ ಬಳಕೆದಾರ ಗಾಬರಿಯಾಗುತ್ತಾನೆ ಎಂಬುದು ಇದರ ಸಮರ್ಥನೆ. ನಡುರಾತ್ರಿ ಪರೀಕ್ಷೆಯ ಹಿಂದಿನ ದಿನ ಖಾಲಿ ಲ್ಯಾಪ್‌ಟಾಪಿನ ಎದುರು ಕೂತವರು ಈಗಾಗಲೇ ಗಾಬರಿಯಾಗಿರುತ್ತಾರೆ.

ಮೂವತ್ತಾರು ಭೇದಗಳಲ್ಲಿ ಇದುವರೆಗೆ ಎಷ್ಟು ಸಂದವು ಎಂಬ ಲೆಕ್ಕ ತಪ್ಪಿದೆ. ಕೃಚ್ಛ್ರಸಾಧ್ಯಕ್ಕೂ ಯಾಪ್ಯಕ್ಕೂ ಇರುವ ವ್ಯತ್ಯಾಸದಿಂದ ಯಾವ ಲ್ಯಾಪ್‌ಟಾಪೂ ಚಾಲೂ ಆಗುವುದಿಲ್ಲವಾದ್ದರಿಂದ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ. ಆಸಕ್ತರು ಅದರ ಮೇಲೆ ಪಿಎಚ್‌ಡಿ ಮಾಡಬಹುದು.

ಬಳಕೆದಾರನ ಪಾಲಿನ ತಪ್ಪುಗಳು. ಅದೇ ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್ ತೆರೆದು ‘ಕ್ಲೀನ್’ ಎಂದು ಬರೆದರೆ, ಆಯ್ಕೆ ಮಾಡಿದ ಡಿಸ್ಕಿನ ವಿಭಾಗಗಳೆಲ್ಲ ಮಾಯವಾಗುತ್ತವೆ. ಡಿಸ್ಕ್ 0 ಯಾವುದು, 1 ಯಾವುದು ಎಂದು ಅಳತೆ ನೋಡಿ ಖಚಿತಪಡಿಸಿಕೊಳ್ಳದೆ ಇದನ್ನು ಬರೆಯಬಾರದು. ಸ್ಥಾಪನೆಯನ್ನು ನಿಲ್ಲಿಸಲು ಹೋದರೆ ‘ಖಂಡಿತ ನಿಲ್ಲಿಸಬೇಕೇ?’ ಎಂದು ಕೇಳುವ ವ್ಯವಸ್ಥೆ, ಇಲ್ಲಿ ಏನನ್ನೂ ಕೇಳುವುದಿಲ್ಲ. ಜಾಗ ಉಳಿಸಲು ರಿಕವರಿ ಭಾಗವನ್ನು ಅಳಿಸುವುದು ಇನ್ನೊಂದು ತಪ್ಪು. 2014ರ ಕೆಲವು ಯಂತ್ರಗಳಲ್ಲಿ ವಿಮ್‌ಬೂಟ್ ಎಂಬ ಕ್ರಮವಿತ್ತು; ವಿಂಡೋಸಿನ ನಿಜವಾದ ಕಡತಗಳೇ ಕುಗ್ಗಿಸಿದ ರೂಪದಲ್ಲಿ ಆ ಭಾಗದಲ್ಲಿದ್ದು, ಸಿ ಡ್ರೈವಿನಲ್ಲಿದ್ದದ್ದು ಅವುಗಳತ್ತ ಕೈತೋರುವ ಗುರುತುಗಳು ಮಾತ್ರ. ಉಪಯೋಗವಿಲ್ಲದ್ದೆಂದು ಕಿತ್ತೆಸೆದದ್ದು ಮನೆಯ ಅಡಿಪಾಯವೇ ಆಗಿರುತ್ತಿತ್ತು.

ಈ ಘಟ್ಟದಲ್ಲಿ ಸಲಹೆಗಾರರ ಎರಡು ಪಂಥಗಳು ಪ್ರವೇಶಿಸುತ್ತವೆ. ರೀಸ್ಟಾರ್ಟ್‌ವಾದಿಗಳು ‘ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿ’ ಎನ್ನುತ್ತಾರೆ. ಬ್ಯಾಕಪ್‌ವಾದಿಗಳು ಎಲ್ಲ ಹೋದ ಮೇಲೆ ಬಂದು ‘ಮೊದಲೇ ಬ್ಯಾಕಪ್ ತೆಗೆದಿಡಬೇಕಿತ್ತಲ್ಲವೇ?’ ಎಂದು ಕೇಳುತ್ತಾರೆ. ಮೊದಲ ಪಂಥದಿಂದ ಕೆಲವೊಮ್ಮೆ ಪ್ರಯೋಜನವಾದದ್ದುಂಟು.

ಸ್ಥಾಪನೆ ಮುಗಿದ ಮೇಲಿನ ವೈಫಲ್ಯ. ವಿಂಡೋಸ್ ಬಂದು ಕೂತಿತು ಎನ್ನುವಾಗ ವೈಫೈ ಇರುವುದಿಲ್ಲ, ಸದ್ದು ಇರುವುದಿಲ್ಲ, ಟಚ್‌ಪ್ಯಾಡ್ ಅಲುಗುವುದಿಲ್ಲ. ಇವುಗಳ ಡ್ರೈವರ್ ಇಂಟರ್ನೆಟ್ಟಿನಲ್ಲಿದೆ, ಇಂಟರ್ನೆಟ್ಟಿಗೆ ವೈಫೈ ಬೇಕು, ವೈಫೈಗೆ ಡ್ರೈವರ್ ಬೇಕು. ತರ್ಕಶಾಸ್ತ್ರ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತದೆ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಈ ಕುಣಿಕೆ ಬಿಚ್ಚುತ್ತದೆ. ತರ್ಕಶಾಸ್ತ್ರದಲ್ಲಿ ಈ ಪರಿಹಾರವಿಲ್ಲ. ಕರ್ನಾಟಕದ ಬಳಕೆದಾರರಿಗೆ ಒಂದು ಹೆಚ್ಚುವರಿ ಅಧ್ಯಾಯವೂ ಇದೆ. ಹೇಗೋ ಉಳಿದುಬಂದ ಹಳೆಯ ಕಡತಗಳನ್ನು ತೆರೆದರೆ, ಯೂನಿಕೋಡಿಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪಿಸಿದ ಅರ್ಜಿ, ಠರಾವು, ಕವಿತೆಗಳೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ. ನುಡಿಯನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಕೆಟ್ಟಿತೆಂದುಕೊಂಡು ಅಳಿಸಿದವರ ಕನ್ನಡ ಮರಳುವುದಿಲ್ಲ.

ಅಸಾಧ್ಯ ಪ್ರಕರಣ. ಇಎಂಎಂಸಿ ಚಿಪ್ಪು ಬರೆದು ಬರೆದು ಸವೆದು ಹೋಗಿದ್ದರೆ ಅದನ್ನು ಬಿಚ್ಚಿ ಬೇರೆ ಹಾಕಲಾಗದು, ಬೆಸುಗೆಯಾಗಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಹೊತ್ತೊಯ್ದರೂ ‘ಬೋರ್ಡ್ ಹೋಗಿದೆ, ರಿಪೇರಿ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಬರುತ್ತೆ’ ಎಂಬ ಉತ್ತರವೇ ಹೆಚ್ಚು, ಮತ್ತು ಅದು ನಿಜವೂ ಹೌದು. ಚಿಪ್ಪು ಚೆನ್ನಾಗಿದ್ದವರ ಗತಿಯೂ ಬೇರೆಯಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0, ಅದಕ್ಕೆ 32 ಬಿಟ್ ರೂಪವೇ ಇಲ್ಲ. ಪರದೆ ಬೆಳಗುತ್ತದೆ, ಕೀಲಿಗಳು ಒತ್ತುತ್ತವೆ, ಬ್ಯಾಟರಿ ಇನ್ನೂ ಒಂದೆರಡು ಗಂಟೆ ತಡೆಯುತ್ತದೆ. ಯಂತ್ರಕ್ಕೆ ವಯಸ್ಸಾಗಿ ಇದು ಸಾಯುತ್ತಿಲ್ಲ. 9,999 ರೂಪಾಯಿ ಕೂಡಿಸಿ ತಂದವರಿಗೆ ಇಂಥ ದಿನ ಬರುತ್ತದೆಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ, ಡಬ್ಬಿಯ ಮೇಲೆ ಬರೆದಿರಲಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಇಂಥದೇ ಸಣ್ಣ ಪರದೆಗಳ ಮುಂದೆ ಅಕ್ಕತಮ್ಮಂದಿರು ಸರದಿಯಲ್ಲಿ ಕೂತು ಪಾಠ ಕೇಳಿದ್ದಾರೆ. ಅವರ ನೋಟ್ಸ್, ಮನೆಯವರ ಫೋಟೊ ಎಲ್ಲವೂ ಆ 29 ಜಿಬಿಯಲ್ಲೇ ಇದ್ದವು.

ಲಿನಕ್ಸ್ ಒಂದು ದಾರಿ. 2014ರ 3.15ನೇ ಕರ್ನೆಲ್‌ನಿಂದ 32 ಬಿಟ್ ಫರ್ಮ್‌ವೇರಿನ ಮೇಲೆ 64 ಬಿಟ್ ಲಿನಕ್ಸ್ ನಡೆಸಲು ಅವಕಾಶವಿದೆ. 2015ರ ಡೆಬಿಯನ್ 8 ಇಂಥ ಯಂತ್ರಗಳಿಗೆಂದೇ ಎರಡೂ ಬಗೆಯ ಬೂಟ್ ಕಡತಗಳಿರುವ ಐಎಸ್‌ಒ ಕೊಟ್ಟಿತು. ಎಲ್‌ಎಕ್ಸ್‌ಡಿಇಯಂಥ ಹಗುರ ಡೆಸ್ಕ್‌ಟಾಪ್ ಹಾಕಿಕೊಂಡರೆ 2 ಜಿಬಿ ರ‍್ಯಾಮಿನಲ್ಲಿ ಬರೆಯುವುದು, ಓದುವುದು, ಹಾಡು ಕೇಳುವುದು ನಡೆಯುತ್ತದೆ. ಹಾಡು ಕೇಳುವುದಕ್ಕೆ ಮಾತ್ರ ಸದ್ದಿನ ಡ್ರೈವರ್ ಹೊಂದಿಕೊಳ್ಳಬೇಕು.

ಉತ್ತರಕ್ರಿಯೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಇಂಥ ಯಂತ್ರ ಸೇರಬೇಕಾದದ್ದು ನೋಂದಾಯಿತ ಮರುಬಳಕೆದಾರರನ್ನು. ಬೀದಿಯ ಗುಜರಿ ಗಾಡಿಯನ್ನಲ್ಲ. ಕೊಡುವ ಮೊದಲು ಒಳಗಿನ ಮಾಹಿತಿಯನ್ನು ಅಳಿಸಬೇಕು. ಚಿಪ್ಪನ್ನು ಕಿತ್ತು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಅಳಿಸಲು ಯಂತ್ರವನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡುವುದು ಅವಶ್ಯ. ಬೂಟ್ ಆಗದಿದ್ದಲ್ಲಿ ಆಧಿದೈವಿಕ ಅಧಿಕರಣವನ್ನು ನೋಡುವುದು.