ಕಾರುಲೋಪ ಪ್ರಕರಣ

ಪ್ರತಿಜ್ಞೆ

ಲೋಕದ ಕಾರುಗಳೆಲ್ಲ ದಿಢೀರನೆ ಮಾಯವಾದರೆ ಸಮಾಜ ಬದುಕೀತೇ ಎಂಬ ಪ್ರಶ್ನೆಯನ್ನು ಪಂಡಿತರು ಊಹೆಯಿಂದ ಬಿಡಿಸಹೊರಡುತ್ತಾರೆ. ಪಾಪ, ಅವರಿಗೆ ಗುಂಡ್ಲುಪೇಟೆ ಗೊತ್ತಿಲ್ಲ. ಇಲ್ಲಿ ಊಹೆ ಬೇಡ, ರಾತ್ರಿ ಒಂಬತ್ತರ ತನಕ ಕಾದರೆ ಸಾಕು. ಚಾಮರಾಜನಗರ ಜಿಲ್ಲೆಯಲ್ಲಿ ಕಾರುಲೋಪ ಈಗಾಗಲೇ ಘಟಿಸಿದೆ, ಸಮಾಜ ಎಂದಿನಂತೆ ಊಟ ಮಾಡಿ ಮಲಗಿದೆ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ.

ಪ್ರತ್ಯಕ್ಷ ಪ್ರಮಾಣ

ಬಂಡೀಪುರ ಕಾಡಿನೊಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಓಡಕೂಡದೆಂದು 2009ರಲ್ಲಿ ಜಿಲ್ಲಾಧಿಕಾರಿಗಳ ಆದೇಶವಾಯಿತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಆಂಬುಲೆನ್ಸು ಮತ್ತು ಬೆರಳೆಣಿಕೆಯ ಬಸ್ಸು ಬಿಟ್ಟರೆ, ಊಟಿ ರಸ್ತೆಯಲ್ಲೂ ಸುಲ್ತಾನ್ ಬತ್ತೇರಿ ರಸ್ತೆಯಲ್ಲೂ ದಿನಕ್ಕೆ ಒಂಬತ್ತು ಗಂಟೆ ಶುದ್ಧ ಕಾರುಲೋಪ.

ಆ ಹೊತ್ತಿಗೆ ಕಾರಿನವರು ಮೂರು ಪಂಗಡವಾಗುತ್ತಾರೆ. ಎಂಟೂಮುಕ್ಕಾಲಿಗೆ ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟಿನತ್ತ ಉಸಿರು ಬಿಗಿಹಿಡಿದು ಧಾವಿಸುವವರು ಧಾವಕರು. ಹುಣಸೂರು, ಗೋಣಿಕೊಪ್ಪ, ಕುಟ್ಟ ಬಳಸಿಕೊಂಡು ವಯನಾಡು ಸೇರುವವರು ಪ್ರದಕ್ಷಿಣಿಗರು. ಗೇಟಿನ ಮುಂದೆ ಸೀಟು ಒರಗಿಸಿ ಗೊರಕೆ ಹೊಡೆಯುವವರು ಶಯನಸ್ಥರು. ಗೇಟಿನಾಚೆ ಆನೆ, ಕಡವೆಗಳದ್ದೂ ಒಂದು ಸಮಾಜವಿದೆ. ಅದು ಈ ಕುರಿತು ಇದುವರೆಗೆ ಯಾವ ಅಹವಾಲನ್ನೂ ಸಲ್ಲಿಸಿಲ್ಲ.

ಅನುಪಲಬ್ಧಿ ಪ್ರಮಾಣ

ವಸ್ತು ಕಾಣದಿರುವುದೇ ಅದರ ಅಭಾವಕ್ಕೆ ಪ್ರಮಾಣವೆಂದು ಭಾಟ್ಟ ಮೀಮಾಂಸಕರ ಮತ. ನಿದರ್ಶನ: ಮುಖ್ಯಮಂತ್ರಿಗಳ ಕಾರು. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ನಂಬಿಕೆಯಿಂದ ಹಲವು ಮುಖ್ಯಮಂತ್ರಿಗಳ ಕಾರು ಈ ಊರಿನತ್ತ ಮುಖ ಮಾಡಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿಕೊಂಡೇ ಇಳಿದರು. ಕಾರಿನಿಂದ ಕುರ್ಚಿಗೂ ಹಾನಿಯಿಲ್ಲ, ಕಾರಿಲ್ಲದ್ದರಿಂದ ಊರಿಗೂ ಹಾನಿಯಿಲ್ಲ.

ಇನ್ನು ದೇವರ ವಾಹನ. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿತು. ಹೊಸ ತೇರು ಬೀದಿಗಿಳಿದದ್ದು 2022ರ ಆಷಾಢದಲ್ಲಿ. ನವದಂಪತಿಗಳು ಮುಗಿಬಿದ್ದು ನೋಡುವ ತೇರದು. ನಡುವಿನ ವರ್ಷಗಳಲ್ಲಿ ಮದುವೆಯಾದವರು ತೇರಿಲ್ಲದೆಯೇ ಸಂಸಾರ ಹೂಡಿದರು.

ಶಬ್ದ ಪ್ರಮಾಣ

ಪುರಾಣದ ಮಾತೂ ನಮ್ಮ ಪರವೇ. ಮಲೆ ಮಾದಪ್ಪನಿಗೆ ಹುಲಿಯೇ ವಾಹನ. ಪೆಟ್ರೋಲು ಬೇಡ, ಹಾರನ್ನೂ ಬೇಡ, ಎದುರಿನವರು ತಾವಾಗಿ ದಾರಿ ಬಿಡುತ್ತಾರೆ. ಬಿಳಿಗಿರಿರಂಗನಂತೂ ಕಾಡು ಸುತ್ತುವುದು ನಡೆದುಕೊಂಡೇ. ಸವೆದ ಜೋಡಿಗೆ ಬದಲಾಗಿ ಎರಡು ವರ್ಷಕ್ಕೊಮ್ಮೆ ಭಕ್ತರು ಭಾರಿ ಗಾತ್ರದ ಹೊಸ ಚಪ್ಪಲಿ ಹೊಲಿದು ಒಪ್ಪಿಸುತ್ತಾರೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ಕಾರು ತಪ್ಪಲಲ್ಲೇ ನಿಲ್ಲಬೇಕು. ಮೇಲಕ್ಕೆ ಹೋಗುವುದು ಕೆಎಸ್ಸಾರ್ಟಿಸಿ ಬಸ್ಸು.

ಪೂರ್ವಪಕ್ಷ

"ಕಾರೇ ಬರದಿದ್ದರೆ ಗುಂಡ್ಲುಪೇಟೆ ರಸ್ತೆಬದಿಯ ಸೂರ್ಯಕಾಂತಿ ಯಾರಿಗಾಗಿ ಅರಳಬೇಕು? ಸೆಲ್ಫಿಗೆ ದುಡ್ಡು ಕೊಡುವವರಾರು?" ಎಂದರೆ, ಅದು ಎಣ್ಣೆಗಾಗಿ ಅರಳುತ್ತದೆ ಎಂದು ಉತ್ತರ. "ಸತ್ಯಮಂಗಲ ರಸ್ತೆಯಲ್ಲಿ ಲಾರಿ ತಡೆದು ಕಬ್ಬು ತಿನ್ನುವ ಆನೆಗಳ ಪಾಡೇನು?" ಎಂದರೆ, ಲಾರಿಲೋಪ ಬೇರೆಯೇ ಪ್ರಕರಣ, ಅಲ್ಲಿ ಆನೆಗಳ ಆಕ್ಷೇಪ ನ್ಯಾಯವಾದದ್ದು.

ಸಿದ್ಧಾಂತ

ಕಾರು ಮಾಯವಾದರೆ ಸಮಾಜದ ಗತಿಯೇನೆಂದು ಕೇಳುವ ಸಮಾಜ ಕಾರಿನೊಳಗೇ ಕೂತಿದೆ. ತೆರಕಣಾಂಬಿಯಲ್ಲಿ ಮೂಟೆ ಕಾಲ ಬಳಿ ಇಟ್ಟುಕೊಂಡು ನಿಂತವರಿಗೆ ಈ ಸಂಗತಿ ತಿಳಿಯುವುದು ಮರುದಿನದ ಪೇಪರಿನಿಂದ. ಅವರದು ಒಂದೇ ಜಿಜ್ಞಾಸೆ: "ಕೊನೆ ಬಸ್ಸು ಹೊಂಟೋಯ್ತಾ ಸಾ?" ಮೈಸೂರಿನ ರೈಲು ಚಾಮರಾಜನಗರಕ್ಕೆ ಬಂದು ಮುಗಿಯುತ್ತದೆ, ಗುಂಡ್ಲುಪೇಟೆಗೆ ಹಳಿಯೇ ಇಲ್ಲ. ಆದಕಾರಣ ಕಾರು ಲೋಪವಾದರೆ ಕೆಲವರಿಗೆ ಬೇಸರ, ಬಸ್ಸು ಲೋಪವಾದರೆ ಊರಿಗೇ ಉಪವಾಸ. ಮುಂದಿನ ಸಂಶೋಧಕರು ಕಾರು ಮಾಯವಾಗುವುದನ್ನು ಕಾಯುತ್ತ ಕೂರದೆ, ಹಳ್ಳಿಗಳಿಗೆ ಇನ್ನೊಂದೊಂದು ಬಸ್ಸು ಬಿಡಿಸುವ ದಾರಿ ನೋಡತಕ್ಕದ್ದು.